ಜಾಣ ಕನ್ನಡಕಗಳೂ ನಮ್ಮ ನಿತ್ಯಜೀವನವೂ

ಪಂಚೇಂದ್ರಿಯಗಳಲ್ಲಿ ಕಣ್ಣೇ ಪ್ರಧಾನವೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಆ ಕಣ್ಣಿನ ಕುಂದನ್ನು ತುಂಬಿಕೊಡುವುದಕ್ಕಾಗಿ ಹದಿಮೂರನೆಯ ಶತಮಾನದ ಕೊನೆಯ ಭಾಗದಲ್ಲಿ ಇಟಲಿಯಲ್ಲಿ ಹುಟ್ಟಿದ ಸಾಧನವೇ ಕನ್ನಡಕ. ಸುಲೋಚನ, ಉಪನೇತ್ರ, ಚಷ್ಮಾ ಎಂಬ ನಾನಾ ಹೆಸರುಗಳಿಂದ ನಮ್ಮ ಮನೆಗಳನ್ನು ಹೊಕ್ಕ ಈ ಸಾಧನವು ಏಳು ಶತಮಾನಗಳ ಕಾಲ ಒಂದೇ ಕೆಲಸವನ್ನು ಮಾಡಿತು. ಎದುರಿಗೆ ಇರುವುದನ್ನು ಸ್ಪಷ್ಟವಾಗಿ ತೋರಿಸಿತು. ಈಗ ಬಂದಿರುವ ಹೊಸ ಬಗೆಯ ಕನ್ನಡಕವಾದರೋ ಎದುರಿಗೆ ಇಲ್ಲದುದನ್ನೂ ತೋರಿಸುತ್ತದೆ, ಕಂಡ ಬರಹವನ್ನು ಓದಿ ಹೇಳುತ್ತದೆ, ನೋಡಿದುದನ್ನು ಚಿತ್ರ ತೆಗೆದು ಇರಿಸಿಕೊಳ್ಳುತ್ತದೆ. ಇದನ್ನು 'ಸ್ಮಾರ್ಟ್ ಗ್ಲಾಸ್' ಎಂದು ಕರೆಯುತ್ತಾರೆ. ನಾವು ಜಾಣ ಕನ್ನಡಕವೆನ್ನೋಣ. ಇದರ ಪ್ರಯೋಜನವೇನು, ಅಪಾಯವೇನು, ಕಣ್ಣಿನ ಆರೋಗ್ಯಕ್ಕೂ ಇದಕ್ಕೂ ಇರುವ ಸಂಬಂಧವೇನು, ಪರಭಾಷೆಯ ಮಹಾನಗರದಲ್ಲಿ ಬಾಳುತ್ತಿರುವ ನಮ್ಮಂತಹ ಕುಟುಂಬಗಳಲ್ಲಿ ಇದರಿಂದ ಆಗಬಹುದಾದ ಬದಲಾವಣೆಯೇನು ಎಂಬುದನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ವರ್ಧಿತ ವಾಸ್ತವವೆಂದರೇನು?

ಚೆಪಾಕ್ ಮೈದಾನದ ಕ್ರಿಕೆಟ್ ಪಂದ್ಯವನ್ನು ಟಿ.ವಿ.ಯಲ್ಲಿ ನೋಡುವಾಗ, ಎಲ್‌ಬಿಡಬ್ಲ್ಯು ತೀರ್ಪಿಗಾಗಿ ಚೆಂಡು ಸಾಗಬಹುದಾಗಿದ್ದ ಹಾದಿಯನ್ನು ಬಣ್ಣದ ಗೆರೆಯಾಗಿ ತೋರಿಸುವುದನ್ನು ವಾಚಕರೆಲ್ಲರೂ ಕಂಡಿರುತ್ತಾರೆ. ಮೈದಾನವು ನಿಜ, ವಿಕೆಟ್ ನಿಜ. ಗೆರೆ ಮಾತ್ರ ಗಣಕಯಂತ್ರವು ಲೆಕ್ಕಹಾಕಿ ಸೇರಿಸಿದ್ದು. ಹೀಗೆ ನಿಜವಾದ ನೋಟದ ಮೇಲೆ ಯಂತ್ರದ ಮಾಹಿತಿಯನ್ನು ಹೊದಿಸಿ ತೋರಿಸುವ ವಿದ್ಯೆಗೆ 'ಆಗ್ಮೆಂಟೆಡ್ ರಿಯಾಲಿಟಿ', ಅಂದರೆ ವರ್ಧಿತ ವಾಸ್ತವ ಎಂದು ಹೆಸರು. ಸುತ್ತಲ ಲೋಕವನ್ನೆಲ್ಲ ಮರೆಮಾಡಿ ಪೂರ್ಣವಾಗಿ ಕಲ್ಪಿತ ಲೋಕವನ್ನೇ ತೋರಿಸುವುದು ಇದಕ್ಕಿಂತ ಬೇರೆಯದು; ಅದನ್ನು 'ವರ್ಚುಯಲ್ ರಿಯಾಲಿಟಿ' ಎನ್ನುವರು.

ಈ ವಿದ್ಯೆ ನಿನ್ನೆ ಮೊನ್ನೆಯದಲ್ಲ. 1968ರಲ್ಲಿಯೇ ಅಮೆರಿಕದ ವಿಜ್ಞಾನಿ ಐವನ್ ಸದರ್ಲ್ಯಾಂಡ್ ಅವರು ತಲೆಗೆ ಧರಿಸುವ ಪ್ರದರ್ಶಕವೊಂದನ್ನು ರಚಿಸಿದರು. ಅದರ ಭಾರವನ್ನು ತಲೆ ತಾಳಲಾರದಾದುದರಿಂದ ಅದನ್ನು ಚಾವಣಿಯಿಂದ ತೂಗುಹಾಕಬೇಕಾಯಿತು. 1990ರ ಸುಮಾರಿಗೆ ಬೋಯಿಂಗ್ ವಿಮಾನ ಸಂಸ್ಥೆಯ ಟಾಮ್ ಕಾಡೆಲ್ ಅವರು, ವಿಮಾನದೊಳಗಣ ತಂತಿಗಳ ಜೋಡಣೆಯನ್ನು ಕೆಲಸಗಾರರ ಕಣ್ಣೆದುರಿಗೇ ತೋರಿಸುವ ಪ್ರಯತ್ನದಲ್ಲಿ ತೊಡಗಿದ್ದಾಗ ಇದಕ್ಕೆ ಈಗಿನ ಹೆಸರು ಬಂದಿತು. 2016ರಲ್ಲಿ 'ಪೋಕೆಮಾನ್ ಗೋ' ಎಂಬ ಆಟವು ಮೊಬೈಲ್ ಫೋನಿನ ಮೂಲಕ ಇದನ್ನು ಮಕ್ಕಳ ಕೈಗೂ ತಲುಪಿಸಿತು.

ಮೂರು ಬಗೆಯ ಕನ್ನಡಕಗಳು

ಇಂದು ಈ ಹೆಸರಿನಲ್ಲಿ ಮಾರಾಟವಾಗುತ್ತಿರುವ ಸಾಧನಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದರಲ್ಲಿ ಚಿತ್ರ ತೋರಿಸುವ ಏರ್ಪಾಡೇ ಇಲ್ಲ. ಚೌಕಟ್ಟಿನಲ್ಲಿ ಕ್ಯಾಮೆರಾ, ಮೈಕು, ಕಿವಿಯ ಬಳಿ ಸಣ್ಣ ಸ್ಪೀಕರುಗಳಿರುತ್ತವೆ. 2023ರಲ್ಲಿ ಹೊರಬಂದು 2025ರ ಮೇ ತಿಂಗಳಲ್ಲಿ ನಮ್ಮ ದೇಶದಲ್ಲಿ 29,900 ರೂಪಾಯಿಗಳ ಆರಂಭಿಕ ಬೆಲೆಗೆ ಮಾರಾಟಕ್ಕೆ ಬಂದ 'ರೇ-ಬ್ಯಾನ್ ಮೆಟಾ' ಈ ಜಾತಿಗೆ ಸೇರಿದುದು. ಕೇಳಿದ ಪ್ರಶ್ನೆಗೆ ಅದು ಮಾತಿನಲ್ಲಿ ಉತ್ತರಿಸುತ್ತದೆ.

ಎರಡನೆಯ ಬಗೆಯಲ್ಲಿ ಗಾಜಿನೊಳಗೆ ಅಕ್ಷರವೂ ಚಿತ್ರವೂ ಮೂಡುತ್ತವೆ. ಚೌಕಟ್ಟಿನಲ್ಲಿ ಅಡಗಿಸಿಟ್ಟ ಅತಿ ಚಿಕ್ಕ ಪ್ರದರ್ಶಕದ ಬೆಳಕನ್ನು ಪಟ್ಟಕವೋ ವಿಶೇಷವಾದ ಗಾಜೋ ಕಣ್ಣಿನ ಕಡೆಗೆ ತಿರುಗಿಸುತ್ತದೆ. 2013ರಲ್ಲಿ 1,500 ಡಾಲರು ಬೆಲೆಗೆ ಬಂದ 'ಗೂಗಲ್ ಗ್ಲಾಸ್' ಈ ಬಗೆಯದು. ಅದರ ಚಿತ್ರವು ಎಂಟು ಅಡಿ ದೂರದಲ್ಲಿಟ್ಟ 25 ಅಂಗುಲದ ಪರದೆಯಂತೆ ಕಾಣುತ್ತಿತ್ತು. ಜನಸಾಮಾನ್ಯರಲ್ಲಿ ಅದು ನೆಲೆಗೊಳ್ಳಲಿಲ್ಲ. 2015ರಲ್ಲಿ ಸಾರ್ವಜನಿಕ ಮಾರಾಟವೂ, 2023ರಲ್ಲಿ ಉದ್ಯಮಗಳಿಗೆ ಮಾಡುತ್ತಿದ್ದ ಮಾರಾಟವೂ ನಿಂತವು. ಆದರೆ ಆ ಕಲ್ಪನೆ ನಿಲ್ಲಲಿಲ್ಲ. ಬಲಗಣ್ಣಿನ ಗಾಜಿನಲ್ಲಿ ಬರಹ ಮೂಡಿಸುವ ಹೊಸ ಕನ್ನಡಕವನ್ನು ಮೆಟಾ ಸಂಸ್ಥೆಯು 2025ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಬಿಡುಗಡೆ ಮಾಡಿತು.

ಮೂರನೆಯದು, ಈಜುಗಾರನ ಕನ್ನಡಕದಂತೆ ಎರಡು ಕಣ್ಣುಗಳನ್ನೂ ಮುಚ್ಚುವ ಭಾರವಾದ ಸಾಧನ. ಹೊರಲೋಕವನ್ನು ಕ್ಯಾಮೆರಾದ ಮೂಲಕವೇ ನೋಡಬೇಕು. 2024ರಲ್ಲಿ ಬಂದ ಆಪಲ್ ಸಂಸ್ಥೆಯ 'ವಿಷನ್ ಪ್ರೊ' ಇದಕ್ಕೆ ಉದಾಹರಣೆ.

ಚೆನ್ನೈಯ ವೈದ್ಯಲೋಕದಲ್ಲಿ

ನಾವು ನೆಲೆಸಿರುವ ಈ ನಗರಕ್ಕೂ ಕಣ್ಣಿನ ವೈದ್ಯಕ್ಕೂ ಹಳೆಯ ನಂಟುಂಟು. ಎಗ್ಮೋರಿನ ಸರ್ಕಾರಿ ಕಣ್ಣಿನ ಆಸ್ಪತ್ರೆಯ ಮೂಲವು 1819ರಷ್ಟು ಹಿಂದಿನದು. 1978ರಲ್ಲಿ ಡಾ. ಎಸ್. ಎಸ್. ಬದರೀನಾಥ್ ಅವರು ಸ್ಥಾಪಿಸಿದ ಶಂಕರ ನೇತ್ರಾಲಯವು ದೇಶದ ನಾನಾ ಭಾಗಗಳಿಂದ ರೋಗಿಗಳನ್ನು ಸೆಳೆದಿದೆ.

ಜಾಣ ಕನ್ನಡಕದ ಪ್ರಯೋಗದಲ್ಲಿಯೂ ಚೆನ್ನೈ ಹಿಂದೆ ಬೀಳಲಿಲ್ಲ. 2013ರಲ್ಲಿ, ಗೂಗಲ್ ಗ್ಲಾಸ್ ಇನ್ನೂ ಪ್ರಯೋಗದ ಹಂತದಲ್ಲಿದ್ದಾಗಲೇ, ಇಲ್ಲಿಯ ಶಸ್ತ್ರವೈದ್ಯ ಡಾ. ಜೆ. ಎಸ್. ರಾಜ್‌ಕುಮಾರ್ ಅವರು ಅದನ್ನು ಧರಿಸಿ ಶಸ್ತ್ರಚಿಕಿತ್ಸೆ ನಡೆಸಿ ಅದನ್ನು ನೇರವಾಗಿ ಪ್ರಸಾರ ಮಾಡಿದರು. ಶಸ್ತ್ರವೈದ್ಯನ ಭುಜದ ಹಿಂದೆ ಇಣುಕಿ ಕಲಿಯಬೇಕಾಗಿದ್ದ ವಿದ್ಯಾರ್ಥಿಗೆ ಇದರಿಂದ ಗುರುವಿನ ಕಣ್ಣಿನ ನೋಟವೇ ದೊರೆತಂತಾಯಿತು. ಹಳ್ಳಿಯ ಆಸ್ಪತ್ರೆಯ ವೈದ್ಯನು ಕಂಡುದನ್ನು ನಗರದ ತಜ್ಞನು ಅದೇ ಕ್ಷಣದಲ್ಲಿ ಕಂಡು ಸಲಹೆ ನೀಡುವುದಕ್ಕೂ ಇದೇ ಮಾರ್ಗ.

ದೃಷ್ಟಿಮಾಂದ್ಯರಿಗೆ ನೆರವು

ಈ ಸಾಧನದ ನಿಜವಾದ ಬೆಲೆ ತಿಳಿಯುವುದು ದೃಷ್ಟಿ ಕಳೆದುಕೊಂಡವರಿಗೆ. ಬೆಂಗಳೂರಿನ ಎಸ್‌ಎಚ್‌ಜಿ ಟೆಕ್ನಾಲಜೀಸ್ ಸಂಸ್ಥೆಯು ಅಂಧರಿಗಾಗಿಯೇ 'ಸ್ಮಾರ್ಟ್ ವಿಷನ್ ಗ್ಲಾಸಸ್' ಎಂಬ ಕನ್ನಡಕವನ್ನು ರೂಪಿಸಿದೆ. ಮುಂದಿರುವ ವಸ್ತುಗಳನ್ನು ಹೆಸರಿಸುವುದು, ಬರಹವನ್ನು ಓದಿ ಹೇಳುವುದು, ನಡೆಯುವಾಗ ಅಡ್ಡಬರುವುದನ್ನು ತಿಳಿಸುವುದು, ಪರಿಚಿತರ ಮುಖವನ್ನು ಗುರುತಿಸುವುದು, ಇವು ಅದರ ಕೆಲಸಗಳು. 2015ರಲ್ಲಿ ಡೆನ್ಮಾರ್ಕಿನಲ್ಲಿ ಆರಂಭವಾದ 'ಬಿ ಮೈ ಐಸ್' ಎಂಬ ಸೇವೆಯಾದರೋ ಅಂಧರ ಕ್ಯಾಮೆರಾದ ನೋಟವನ್ನು ದೂರದಲ್ಲಿರುವ ಸ್ವಯಂಸೇವಕರಿಗೆ ತಲುಪಿಸಿ, ಅವರಿಂದ ವಿವರಣೆ ಕೊಡಿಸುತ್ತದೆ. ಬಿಡುವುಳ್ಳ ಕನ್ನಡಿಗರು ಇಂತಹ ಸೇವೆಗೆ ಹೆಸರು ಕೊಟ್ಟರೆ ಮನೆಯಲ್ಲಿ ಕುಳಿತೇ ಒಬ್ಬರ ಕಣ್ಣಾಗಬಹುದು.

ಆದರೆ ಇಲ್ಲಿಯೇ ಒಂದು ಎಚ್ಚರಿಕೆ ಅತ್ಯಗತ್ಯ. ತಂದೆತಾಯಿಗಳ ದೃಷ್ಟಿ ಮಂದವಾಗಿದೆಯೆಂದು ಮಕ್ಕಳು ಪ್ರೀತಿಯಿಂದ ಬೆಲೆಬಾಳುವ ಸಾಧನವನ್ನು ತಂದುಕೊಡುವ ಮುನ್ನ, ಮಂದವಾದುದು ಏತಕ್ಕೆ ಎಂದು ತಿಳಿಯಬೇಕು. ಕಣ್ಣಿನ ಪೊರೆಯಾಗಿದ್ದರೆ ಸಣ್ಣ ಶಸ್ತ್ರಚಿಕಿತ್ಸೆಯಿಂದ ಬಹುತೇಕ ಸ್ವಂತ ದೃಷ್ಟಿಯೇ ಮರಳುತ್ತದೆ. ಯಾವ ಜಾಣ ಕನ್ನಡಕವೂ ಅದಕ್ಕೆ ಸಾಟಿಯಲ್ಲ. ಗ್ಲಾಕೋಮಾ ರೋಗದಲ್ಲಿ ಹೋದ ದೃಷ್ಟಿ ಮರಳುವುದಿಲ್ಲವಾದರೂ ಉಳಿದುದನ್ನು ಕಾಪಾಡಬಹುದು. ಸಕ್ಕರೆ ಕಾಯಿಲೆಯವರಲ್ಲಿ ಅಕ್ಷಿಪಟದ ರಕ್ತನಾಳಗಳು ಕೆಡುವುದು ಮೊದಲಿಗೆ ರೋಗಿಗೆ ತಿಳಿಯುವುದೇ ಇಲ್ಲ. ವರ್ಷಕ್ಕೊಮ್ಮೆ ಪಾಪೆಯನ್ನು ಹಿಗ್ಗಿಸಿ ಮಾಡುವ ಪರೀಕ್ಷೆಯು ಅದನ್ನು ಕಾಲದಲ್ಲಿ ಪತ್ತೆಹಚ್ಚುವ ಒಳ್ಳೆಯ ದಾರಿ. ಯಂತ್ರವು ಪತ್ರಿಕೆಯನ್ನು ಓದಿ ಹೇಳುತ್ತಿದೆಯಲ್ಲ ಎಂಬ ಸಮಾಧಾನದಲ್ಲಿ ಚಿಕಿತ್ಸೆಯನ್ನು ಮುಂದೂಡಿದರೆ, ಉಳಿಸಿಕೊಳ್ಳಬಹುದಾಗಿದ್ದ ಕಣ್ಣನ್ನೇ ಕಳೆದುಕೊಂಡಂತಾದೀತು. ಕಾರ್ನಿಯಾ ಕೆಟ್ಟು ಕುರುಡಾದವರಿಗೆ ಬೇಕಾದುದು ದಾನವಾಗಿ ಬಂದ ಕಣ್ಣು. 2006ರಲ್ಲಿ ವರನಟ ಡಾ. ರಾಜ್‌ಕುಮಾರ್ ಅವರ, 2021ರಲ್ಲಿ ಅವರ ಪುತ್ರ ಪುನೀತ್ ಅವರ ನೇತ್ರದಾನವು ಈ ಪಾಠವನ್ನು ಕನ್ನಡಿಗರ ಮನೆಮನೆಗೂ ಮುಟ್ಟಿಸಿದೆ.

ಆರೋಗ್ಯವಂತ ಕಣ್ಣಿನ ಮೇಲೆ ಪರಿಣಾಮ

ನಾವು ಹತ್ತಿರದ ವಸ್ತುವನ್ನು ನೋಡುವಾಗ ಕಣ್ಣಿನಲ್ಲಿ ಎರಡು ಕ್ರಿಯೆಗಳು ಒಟ್ಟಿಗೆ ನಡೆಯುತ್ತವೆ. ಎರಡು ಕಣ್ಣುಗಳೂ ಮೂಗಿನ ಕಡೆಗೆ ತಿರುಗುತ್ತವೆ. ಒಳಗಿನ ಮಸೂರವು ಉಬ್ಬಿ ಬಿಂಬವನ್ನು ಸ್ಪಷ್ಟಗೊಳಿಸುತ್ತದೆ. ಎರಡು ಕಣ್ಣಿಗೂ ಬೇರೆ ಬೇರೆ ಚಿತ್ರ ತೋರಿಸಿ ಆಳದ ಭ್ರಮೆ ಹುಟ್ಟಿಸುವ ಸಾಧನಗಳಲ್ಲಿ ಈ ಹೊಂದಾಣಿಕೆ ಮುರಿಯುತ್ತದೆ. ವಸ್ತು ಹತ್ತಿರ ಬಂದಂತೆ ಕಂಡು ಕಣ್ಣುಗಳು ಒಳಕ್ಕೆ ತಿರುಗಿದರೂ, ಚಿತ್ರದ ಬೆಳಕು ಒಂದೇ ನಿಶ್ಚಿತ ದೂರದಿಂದ ಬರುತ್ತಿರುವುದರಿಂದ ಮಸೂರವು ಅಲ್ಲಿಯೇ ನಿಲ್ಲಬೇಕಾಗುತ್ತದೆ. ಕಣ್ಣು ಬಳಲುವುದಕ್ಕೂ, ಹಣೆ ನೋಯುವುದಕ್ಕೂ, ನೋಟ ಮಸಕಾಗುವುದಕ್ಕೂ ಇದೊಂದು ಮುಖ್ಯ ಕಾರಣ. ಕಣ್ಣು ಚಲನೆಯನ್ನು ಕಂಡು, ಒಳಕಿವಿಯು ಚಲನೆಯಿಲ್ಲವೆಂದು ಹೇಳಿದಾಗ, ಘಟ್ಟದ ಬಸ್ಸಿನಲ್ಲಿ ಆಗುವಂತೆ ತಲೆಸುತ್ತು, ವಾಕರಿಕೆಗಳೂ ಬರಬಹುದು.

ಮತ್ತೊಂದು ಸಂಗತಿ. ಸಾಧಾರಣವಾಗಿ ನಾವು ನಿಮಿಷಕ್ಕೆ ಸುಮಾರು 15 ಬಾರಿ ರೆಪ್ಪೆ ಬಡಿಯುತ್ತೇವೆ. ಪರದೆಯನ್ನು ದಿಟ್ಟಿಸುವಾಗ ಇದು ಅರ್ಧಕ್ಕೆ, ಅದಕ್ಕಿಂತಲೂ ಕೆಳಕ್ಕೆ ಇಳಿಯುತ್ತದೆ. ಕಣ್ಣೀರಿನ ತೆಳುಪದರ ಒಣಗಿ ಉರಿ, ಕೆರೆತ, ಕೆಂಪು ಕಾಣಿಸಿಕೊಳ್ಳುತ್ತವೆ. ಹಗಲಿಡೀ ಹವಾನಿಯಂತ್ರಿತ ಕಚೇರಿಯಲ್ಲಿ ಕುಳಿತು ಗಣಕಯಂತ್ರ ನೋಡಿ ಬಂದವರು, ಮನೆಗೆ ಹೋಗುವ ದಾರಿಯಲ್ಲಿಯೂ ಕಣ್ಣಿನ ಮುಂದೆ ಪರದೆಯನ್ನು ತೂಗುಹಾಕಿಕೊಂಡರೆ ಕಣ್ಣಿಗೆ ವಿಶ್ರಾಂತಿ ದೊರೆಯುವುದು ಯಾವಾಗ?

ಮಕ್ಕಳ ವಿಷಯದಲ್ಲಿ ಹೆಚ್ಚಿನ ಜಾಗರೂಕತೆ ಬೇಕು. ಬಯಲಿನ ಬೆಳಕಿನಲ್ಲಿ ದಿನಕ್ಕೆ ಎರಡು ಗಂಟೆಗಳಷ್ಟು ಆಡುವ ಮಕ್ಕಳಲ್ಲಿ ಸಮೀಪದೃಷ್ಟಿಯ ದೋಷ ಕಡಿಮೆಯೆಂದು ಅಧ್ಯಯನಗಳು ಸೂಚಿಸಿವೆ. ಆಪಲ್ ಸಂಸ್ಥೆಯೇ ತನ್ನ ಸಾಧನವು 13 ವರ್ಷಕ್ಕಿಂತ ಕಿರಿಯರಿಗಲ್ಲವೆಂದು ತಿಳಿಸಿದೆ.

ಬೀದಿಯಲ್ಲಿ, ದೇವಾಲಯದಲ್ಲಿ

ಗಮನವೆಂಬುದು ಒಂದೇ ದೀಪದ ಬೆಳಕು. ಅದನ್ನು ಒಂದು ಕಡೆ ತಿರುಗಿಸಿದರೆ ಇನ್ನೊಂದು ಕಡೆ ಕತ್ತಲಾಗುತ್ತದೆ. ಕಣ್ಣು ರಸ್ತೆಯ ಕಡೆಗೇ ಇದ್ದರೂ ಮನಸ್ಸು ಗಾಜಿನ ಮೇಲಣ ಅಕ್ಷರದಲ್ಲಿದ್ದರೆ ಎದುರಿನ ವಾಹನ ಕಂಡೂ ಕಾಣದಂತಾಗುತ್ತದೆ. ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಬಂದ ತಿದ್ದುಪಡಿಯು ಕೈಯಲ್ಲಿ ಹಿಡಿದ ಸಂಪರ್ಕ ಸಾಧನವನ್ನು ಹೆಸರಿಸಿದೆ. ಕನ್ನಡಕವನ್ನು ಕೈಯಲ್ಲಿ ಹಿಡಿಯುವುದಿಲ್ಲವಷ್ಟೇ ಹೊರತು ಅಪಾಯವೇನೂ ಕಡಿಮೆಯಲ್ಲ. ಮೌಂಟ್ ರೋಡಿನ ಸಂದಣಿಯಲ್ಲಿ ಸ್ಕೂಟರು ನಡೆಸುವವರು ಇದನ್ನು ನೆನಪಿಡಬೇಕು.

ಇನ್ನು ಅನ್ಯರ ಮರ್ಯಾದೆಯ ಪ್ರಶ್ನೆ. ಫೋನನ್ನು ಎತ್ತಿ ಹಿಡಿದರೆ ಚಿತ್ರ ತೆಗೆಯುತ್ತಿದ್ದಾರೆಂದು ಎದುರಿನವರಿಗೆ ತಿಳಿಯುತ್ತದೆ. ಕನ್ನಡಕದಲ್ಲಿರುವ ಗುರುತು ಒಂದು ಚಿಕ್ಕ ದೀಪ ಮಾತ್ರ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆಯೇ ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತೆಂಬುದು ಕನ್ನಡಿಗರಿಗೆ ಹೆಮ್ಮೆಯ ವಿಷಯ. ತಮಿಳುನಾಡಿನ ದೇವಾಲಯಗಳಲ್ಲಿ ಮೊಬೈಲ್ ಫೋನನ್ನು ನಿಷೇಧಿಸಬೇಕೆಂದು ಮದ್ರಾಸ್ ಉಚ್ಚ ನ್ಯಾಯಾಲಯವು 2022ರಲ್ಲಿ ಆದೇಶಿಸಿತು. ಫೋನನ್ನು ಹೊರಗಿಟ್ಟು ಕ್ಯಾಮೆರಾವುಳ್ಳ ಕನ್ನಡಕದೊಡನೆ ಗರ್ಭಗುಡಿಯ ಮುಂದೆ ನಿಲ್ಲುವುದು ಆ ಆದೇಶದ ಆಶಯಕ್ಕೆ ವಿರುದ್ಧವಲ್ಲವೆ?

ಭಾಷೆಯ ಮಾತು

ತಮಿಳು ಲಿಪಿ ಬಾರದ ನಮ್ಮ ಹಿರಿಯರು ಬಸ್ಸಿನ ಫಲಕಕ್ಕೂ ಔಷಧದಂಗಡಿಯ ಚೀಟಿಗೂ ಇತರರನ್ನು ಆಶ್ರಯಿಸಬೇಕಾಗಿದೆ. ಕನ್ನಡ ಮತ್ತು ತಮಿಳು ಎರಡೂ 2011ರಲ್ಲಿಯೇ ಗೂಗಲ್ ಅನುವಾದ ಸೇವೆಗೆ ಸೇರಿದವು. ಭಾರತ ಸರ್ಕಾರದ 'ಭಾಷಿಣಿ' ಯೋಜನೆ 2022ರಲ್ಲಿ ಆರಂಭವಾಯಿತು. ಈ ಅನುವಾದವು ಕನ್ನಡಕದ ಗಾಜಿಗೇ ಬಂದು, ತಮಿಳು ಫಲಕದ ಕೆಳಗೆ ಕನ್ನಡ ಅಕ್ಷರ ಮೂಡುವ ದಿನ ದೂರವಿಲ್ಲ. ಹಿರಿಯರಿಗೆ ಅದು ಸ್ವಾತಂತ್ರ್ಯವೇ ಸರಿ. ಆದರೆ ಮಾತ್ರೆಯ ಪ್ರಮಾಣದಂತಹ ವಿಷಯದಲ್ಲಿ ಯಂತ್ರದ ಅನುವಾದವನ್ನೇ ನೆಚ್ಚದೆ ವೈದ್ಯರನ್ನೋ ಔಷಧ ಕೊಟ್ಟವರನ್ನೋ ಕೇಳುವುದು ಕ್ಷೇಮ.

ಮಕ್ಕಳ ಸ್ಥಿತಿ ಬೇರೆ. ಮನೆಯಲ್ಲಿ ಕನ್ನಡವಾಡಿ ಶಾಲೆಯಲ್ಲಿ ತಮಿಳು, ಇಂಗ್ಲಿಷುಗಳನ್ನು ಕಲಿಯುವ ನಮ್ಮ ಮಕ್ಕಳಲ್ಲಿ ಅನೇಕರಿಗೆ ಕನ್ನಡ ಅಕ್ಷರ ಬಾರದು. ಅಜ್ಜಿಯ ಪತ್ರವನ್ನು ಕನ್ನಡಕವೇ ಓದಿ ಹೇಳುವುದಾದರೆ ಅಕ್ಷರ ಕಲಿಯುವ ಗೊಡವೆ ಏಕೆ ಎಂದು ಅವರು ಕೇಳಿದರೆ ಆಶ್ಚರ್ಯವಿಲ್ಲ. ಕಾಲಿಲ್ಲದವನಿಗೆ ಊರುಗೋಲು ಆಸರೆ. ಕಾಲಿದ್ದವನು ಅದನ್ನೇ ನಂಬಿದರೆ ಕಾಲೇ ಸೊರಗುತ್ತದೆ.

ಪಾಲಿಸತಕ್ಕ ಕೆಲವು ನಿಯಮಗಳು

1. ಜಾಣ ಕನ್ನಡಕ ಕೊಳ್ಳುವ ಮುನ್ನ ನೇತ್ರವೈದ್ಯರಿಂದ ಪೂರ್ಣ ಪರೀಕ್ಷೆ ಮಾಡಿಸಿಕೊಳ್ಳಿರಿ. ಚಾಳೀಸು ಬಂದವರು ತಮ್ಮ ಪವರಿಗೆ ತಕ್ಕ ಗಾಜನ್ನು ಅದರಲ್ಲಿ ಹಾಕಲಾಗುವುದೇ ಎಂದು ವಿಚಾರಿಸಿರಿ.

2. ಪ್ರತಿ 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಿರಿ; ರೆಪ್ಪೆ ಬಡಿಯುವುದನ್ನು ಮರೆಯದಿರಿ.

3. ತಲೆಸುತ್ತು, ಎರಡೆರಡಾಗಿ ಕಾಣುವುದು, ತಲೆನೋವು ಇವು ಕಂಡುಬಂದರೆ ಕೂಡಲೇ ತೆಗೆದಿಡಿರಿ. ವಿಶ್ರಾಂತಿಯಿಂದ ಶಮನವಾಗದಿದ್ದರೆ ವೈದ್ಯರನ್ನು ಕಾಣಿರಿ.

4. ವಾಹನ ನಡೆಸುವಾಗ, ರಸ್ತೆ ದಾಟುವಾಗ, ಮೆಟ್ಟಿಲು ಇಳಿಯುವಾಗ ಬರಹ ಮೂಡಿಸುವ ಕನ್ನಡಕ ಬೇಡ.

5. 'ಮದ್ರಾಸ್ ಐ' ಎಂದು ಈ ನಗರದ ಹೆಸರನ್ನೇ ಹೊತ್ತಿರುವ ಕಣ್ಣುಬೇನೆ ಹರಡಿರುವ ದಿನಗಳಲ್ಲಿ ಒಬ್ಬರ ಕನ್ನಡಕವನ್ನು ಮತ್ತೊಬ್ಬರು ಧರಿಸಬಾರದು.

6. ಅನುಮತಿಯಿಲ್ಲದೆ ಯಾರ ಚಿತ್ರವನ್ನೂ ತೆಗೆಯಬಾರದು. ವೈದ್ಯರ ಕೊಠಡಿ, ಶಾಲೆ, ದೇವಾಲಯಗಳಲ್ಲಿ ಅದನ್ನು ತೆಗೆದಿಡುವುದು ಸೌಜನ್ಯ.

ಹೊಸ ಸಾಧನಗಳನ್ನು ಕಣ್ಣುಮುಚ್ಚಿ ಸ್ವೀಕರಿಸುವುದೂ, ಕಣ್ಣುಮುಚ್ಚಿ ತಿರಸ್ಕರಿಸುವುದೂ ವಿವೇಕವಲ್ಲ. ದೃಷ್ಟಿಯಿಲ್ಲದವರಿಗೆ ದಾರಿ ತೋರಿಸುವ ಜಾಣ ಕನ್ನಡಕವನ್ನು ನಾವು ಸಂತೋಷದಿಂದ ಬರಮಾಡಿಕೊಳ್ಳೋಣ. ದೃಷ್ಟಿಯುಳ್ಳವರಾದರೋ ಮೊದಲು ದೇವರು ಕೊಟ್ಟ ಕಣ್ಣನ್ನು ಪರೀಕ್ಷಿಸಿಕೊಂಡು ಕಾಪಾಡಿಕೊಳ್ಳಲಿ, ಮಕ್ಕಳಿಗೆ ಅಕ್ಷರವನ್ನು ಕೈಹಿಡಿದು ಕಲಿಸಲಿ, ಮರಣಾನಂತರ ಆ ಕಣ್ಣುಗಳು ಮತ್ತೊಬ್ಬರ ಬಾಳಿಗೆ ಬೆಳಕಾಗಲೆಂದು ಮನೆಯವರಿಗೆ ಇಂದೇ ತಿಳಿಸಿಡಲಿ.