ಮೆಡಿಕಲ್ ಶಾಪಿನಲ್ಲಿ ಲಸಿಕೆ ಹಾಕಿಸಬಹುದೇ?

ಪ್ರಶ್ನೆ: ನಮ್ಮೂರಲ್ಲಿ ನಾಯಿ ಕಚ್ಚಿದರೂ ಕುಷ್ಟಗಿ ಆಸ್ಪತ್ರೆಗೆ ಹೋಗದೆ ಮೆಡಿಕಲ್ ಶಾಪಿನಲ್ಲೇ ಲಸಿಕೆ ಹಾಕಿಸಿಕೊಳ್ಳುತ್ತಾರೆ. ಅಂಗಡಿಯವರು ಫಾರ್ಮಸಿ ಓದಿದವರೇ. ಇದಕ್ಕೆ ಕಾನೂನಿನ ಒಪ್ಪಿಗೆ ಇದೆಯೇ?

ಉತ್ತರ: ಇಲ್ಲ ತಾಯಿ. ಅಂಗಡಿಗೆ 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯಡಿ ಸಿಗುವುದು ಮಾರಾಟದ ಲೈಸೆನ್ಸ್ ಮಾತ್ರ. ವೈದ್ಯರ ಚೀಟಿ ಪರಿಶೀಲಿಸಿ ಔಷಧ ಕೊಡುವುದು, ಬಳಸುವ ಬಗೆ ತಿಳಿಸುವುದು, ಇವು 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳು ಫಾರ್ಮಸಿಸ್ಟರಿಗೆ ವಹಿಸಿದ ಕೆಲಸ. ತಾವೇ ನಿರ್ಧರಿಸಿ ಲಸಿಕೆ ಚುಚ್ಚುವ ಅಧಿಕಾರ ಆ ನಿಯಮಗಳಲ್ಲಿಲ್ಲ.

ಕೋವಿಡ್ ಕಾಲದಲ್ಲಿ ಹಾಕಿದ್ದರಲ್ಲ ಎಂದು ನೀವು ಕೇಳಬಹುದು. ಕೇಂದ್ರದ ಮಾರ್ಗಸೂಚಿ ಆಗ ಲಸಿಕೆ ಹಾಕಬಲ್ಲವರ ಪಟ್ಟಿಯಲ್ಲಿ ಫಾರ್ಮಸಿಸ್ಟರನ್ನೂ ಸೇರಿಸಿತ್ತು, ನಿಜ. ಆದರೆ ಅದು ಆ ಅಭಿಯಾನದ ಲಸಿಕಾ ಕೇಂದ್ರಗಳಿಗೆ ಸೀಮಿತವಾಗಿತ್ತು. ಅಮೆರಿಕದ ಎಲ್ಲ 50 ರಾಜ್ಯಗಳಲ್ಲೂ ತರಬೇತಿ ಪಡೆದ ಫಾರ್ಮಸಿಸ್ಟರು ಲಸಿಕೆ ಹಾಕುತ್ತಾರೆ. ಯಲಬುರ್ಗಾ, ಕುಷ್ಟಗಿಯ ದೂರದ ಹಳ್ಳಿಗಳನ್ನು ನೆನೆದರೆ ನಮ್ಮಲ್ಲೂ ಅಂಥ ತರಬೇತಿ, ಅಂಥ ಕಾನೂನು ಬರಬೇಕು ಎಂದೇ ನನ್ನ ಅಭಿಪ್ರಾಯ.

ನಾಯಿ ಕಡಿತದ ಮಾತು ಮಾತ್ರ ಬೇರೆ. ಗಾಯ ಆಳವಾಗಿದ್ದರೆ ಲಸಿಕೆಯೊಂದೇ ಸಾಲದು. ಗಾಯದ ಒಳಗೂ ಸುತ್ತಲೂ ಇಮ್ಯುನೋಗ್ಲೋಬ್ಯುಲಿನ್ ಎಂಬ ಚುಚ್ಚುಮದ್ದನ್ನೂ ಕೊಡಬೇಕು. ಅದನ್ನು ತೀರ್ಮಾನಿಸುವುದು ವೈದ್ಯರು. ಲಸಿಕೆಯನ್ನು 2ರಿಂದ 8 ಡಿಗ್ರಿ ತಂಪಿನಲ್ಲೇ ಇಟ್ಟಿರಬೇಕು. ಅಲರ್ಜಿಯಾಗಿ ಉಸಿರು ಕಟ್ಟಿದರೆ ತಕ್ಷಣ ಅಡ್ರಿನಲಿನ್ ಕೊಡುವವರು ಪಕ್ಕದಲ್ಲಿರಬೇಕು.

ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿಸುವ ಮದ್ದಿಲ್ಲ. ಕಚ್ಚಿದ ಕೂಡಲೇ ಗಾಯವನ್ನು ಸೋಪು, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ ಹಚ್ಚಬೇಡಿ. ಅದೇ ದಿನ ಕುಷ್ಟಗಿ, ಗಂಗಾವತಿ ಇಲ್ಲವೇ ಕೊಪ್ಪಳದ ಸರ್ಕಾರಿ ಆಸ್ಪತ್ರೆಗೆ ಹೋಗಿ.