ಮೊದಲು ಕೇಳಬೇಕಾದ ಪ್ರಶ್ನೆ: ಜಾಗ ಯಾರದ್ದು?

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ. ವರ್ಗಾವಣೆಯಾದಂತೆಲ್ಲ ಈ ನಾಲ್ಕೂ ಊರುಗಳ ನಗರಸಭೆ, ಪುರಸಭೆಗಳ ಕಂದಾಯ ಶಾಖೆಯಲ್ಲಿ ಕೆಲಸ ಮಾಡಿ ಈಚೆಗೆ ನಿವೃತ್ತನಾದೆ. ಖಾತೆ, ಕಂದಾಯ, ನಿವೇಶನದ ಕಡತ ನನ್ನ ಪಾಲಿನವು. ಸಾಮಾನ್ಯ ಸಭೆಯ ದಿನ ಅವನ್ನು ಹೊತ್ತುಕೊಂಡು ಸಭಾಂಗಣದ ಹಿಂದಿನ ಸಾಲಿನಲ್ಲಿ ಕೂರುವುದೂ ನನ್ನದೇ ಕೆಲಸ. ಸದಸ್ಯರು ತಮ್ಮ ವಾರ್ಡಿನ ಕಷ್ಟ ಹೇಳಿಕೊಂಡು ಮೇಜು ಕುಟ್ಟುವುದನ್ನು, ಎಲ್ಲರೂ ಒಪ್ಪಿ ನಿರ್ಣಯ ಮಾಡುವುದನ್ನು ಅಲ್ಲಿಂದಲೇ ನೋಡಿದೆ. ಹಾಗೆ ಒಮ್ಮತದಿಂದ ಆದ ಎಷ್ಟೋ ನಿರ್ಣಯಗಳು ನಡಾವಳಿ ಪುಸ್ತಕ ಬಿಟ್ಟು ಆಚೆ ಬರಲಿಲ್ಲ.

ಯಾಕೆ ಬರಲಿಲ್ಲ ಎಂದರೆ ಜನ ರಾಜಕೀಯ ಅನ್ನುತ್ತಾರೆ, ಕಮಿಷನ್ ಅನ್ನುತ್ತಾರೆ, ದುಡ್ಡಿಲ್ಲ ಅನ್ನುತ್ತಾರೆ. ಆ ಕಾರಣಗಳು ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ನನ್ನ ಕೈಗೆ ಬಂದ ಕಡತಗಳಲ್ಲಿ ಹೆಚ್ಚಿನವು ನಿಂತಿದ್ದು ಬೇರೆ ಕಡೆ. ನಿರ್ಣಯದಲ್ಲಿ ಬರೆದ ಜಾಗ ದಾಖಲೆಯಲ್ಲಿ ಪುರಸಭೆಯದ್ದೇ ಆಗಿರುತ್ತಿರಲಿಲ್ಲ. ಬಡವರಿಗೆ ನಿವೇಶನವಾಗಲಿ, ಬಡಾವಣೆಗೆ ರಸ್ತೆಯಾಗಲಿ, ಈಗ ಬಂದಿರುವ ವಿದ್ಯುತ್ ವಾಹನಗಳ ಚಾರ್ಜಿಂಗ್ ಕೇಂದ್ರವಾಗಲಿ, ಮೂರೂ ಕಡೆಗೆ ಬಂದು ನಿಲ್ಲುವುದು ಈ ಒಂದೇ ಪ್ರಶ್ನೆಯ ಮುಂದೆ.

ಹಕ್ಕುಪತ್ರ ಇದೆ, ನಿವೇಶನ ಎಲ್ಲಿ?

ಆಶ್ರಯ ಯೋಜನೆ ಶುರುವಾಗಿದ್ದು 1991-92ರಲ್ಲಿ. ಕಂದಾಯ ಇಲಾಖೆ ಸರ್ಕಾರಿ ಜಮೀನು ಗುರುತಿಸಬೇಕು, ಸರ್ವೆ ಆಗಬೇಕು, ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿ ಫಲಾನುಭವಿಗಳನ್ನು ಆರಿಸಬೇಕು, ಆಮೇಲೆ ಹಕ್ಕುಪತ್ರ. ಇದು ಸರಿಯಾದ ಕ್ರಮ. ನಾನು ಕೆಲಸ ಮಾಡಿದ ಒಂದು ಊರಿನಲ್ಲಿ ಈ ಕ್ರಮ ತಿರುವುಮುರುವಾಯಿತು. ಪಹಣಿಯಲ್ಲಿ ಗೋಮಾಳ ಎಂದಿದ್ದುದೇ ಸಾಕಾಗಿ ಹಕ್ಕುಪತ್ರ ಹಂಚಿಕೆಯಾಯಿತು. ಆಮೇಲೆ ಸರ್ವೆಯವರು ಕಲ್ಲು ನೆಡಲು ಹೋದರು. ಜಮೀನಿನ ಒಂದು ಭಾಗ ಕೆರೆ ಅಂಗಳಕ್ಕೆ ಸೇರಿತ್ತು. ಇನ್ನೊಂದು ಭಾಗದಲ್ಲಿ ಉಳುಮೆ ಮಾಡುತ್ತಿದ್ದ ರೈತರು ಬಗರ್‌ಹುಕುಂ ಅರ್ಜಿ ಹಾಕಿದ್ದರು. ಉಳಿದ ಜಾಗದಲ್ಲಿ ಬಂಡೆ. ಪಟ್ಟಿಯಲ್ಲಿದ್ದ ಕುಟುಂಬಗಳಿಗೆಲ್ಲ 20x30 ಅಡಿ ಅಳೆದುಕೊಡಲು ಅಲ್ಲಿ ನೆಲವೇ ಇರಲಿಲ್ಲ.

ಮನೆಗೆಲಸ ಮಾಡಿ ಮಕ್ಕಳನ್ನು ಸಾಕುತ್ತಿದ್ದ ಒಬ್ಬ ಹೆಂಗಸು ಪ್ಲಾಸ್ಟಿಕ್ ಕವರಿನಲ್ಲಿ ಹಕ್ಕುಪತ್ರ ಇಟ್ಟುಕೊಂಡು ಆಗಾಗ ಕಚೇರಿಗೆ ಬರುತ್ತಿದ್ದಳು. "ಸಾಮಿ, ಪತ್ರ ಕೊಟ್ರಿ, ದೊಡ್ಡ ಉಪಕಾರ ಆಯ್ತು. ನನ್ ಸೈಟು ಯಾವ ಕಡೆ ಅಂತ ಒಂದ್ಸಲ ತೋರಿಸ್ಬಿಡಿ." "ಸರ್ವೆ ಆಗ್ತಾ ಇದೆ ತಾಯಿ" ಎನ್ನುವುದು ಬಿಟ್ಟರೆ ನಮ್ಮಲ್ಲಿ ಯಾರ ಬಳಿಯೂ ಬೇರೆ ಉತ್ತರವಿರಲಿಲ್ಲ. ಹಂಚಿಕೆಗೆ ಮೊದಲು ಸರ್ವೆ ನಕ್ಷೆ ಸಭೆಯ ಮೇಜಿಗೆ ಬಂದಿದ್ದರೆ ಅವಳು ಅಷ್ಟು ಸಲ ಕೂಲಿ ಬಿಟ್ಟು ಬರಬೇಕಾಗಿರಲಿಲ್ಲ. ನಕ್ಷೆ ಬಾರದೆ ನಿವೇಶನ ಹಂಚಿಕೆಯ ವಿಷಯ ಕಾರ್ಯಸೂಚಿಗೇ ಬರಬಾರದು ಎಂಬುದು ಅಂದು ನಾನು ಕಲಿತ ಪಾಠ.

ನಕ್ಷೆ ಮೊದಲು ಬರಬೇಕು ಎನ್ನುವುದಕ್ಕೆ ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಕಾರಣವೂ ಇದೆ. ವರ್ಷವಿಡೀ ಹರಿಯುವ ನದಿ ನಮಗಿಲ್ಲ. ಎರಡು ಸಾವಿರಕ್ಕೂ ಹೆಚ್ಚು ಕೆರೆಗಳನ್ನು ನಂಬಿ ಬದುಕಿದ ನಾಡು ಇದು. ವರ್ಷಗಟ್ಟಲೆ ಮಳೆ ಕೈಕೊಟ್ಟಾಗ ಕೆರೆ ಅಂಗಳ, ರಾಜಕಾಲುವೆ ಎಲ್ಲವೂ ಖಾಲಿ ಜಾಗದಂತೆ ಕಂಡವು. 2018ರ ಜೂನ್‌ನಲ್ಲಿ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ ಬಂತು. ಅಲ್ಲಿಂದ ಒಂದೊಂದೇ ಕೆರೆ ತುಂಬಿತು. 2021ರ ನವೆಂಬರ್ ಮಳೆಗೆ ಕೆರೆಗಳು ಕೋಡಿ ಹರಿದವು. ಒಣಗಿದೆ ಎಂದುಕೊಂಡಿದ್ದ ನೆಲವನ್ನು ನೀರು ವಾಪಸು ಕೇಳಿತು. ಕೆರೆ, ಕಾಲುವೆ, ಬಂಡಿದಾರಿಗಳನ್ನು ನಮ್ಮ ಹಿರಿಯರು ಬಿ-ಖರಾಬು ಎಂದು ಬೇರೆಯೇ ಬರೆದಿಟ್ಟಿದ್ದು ಇದಕ್ಕೇ. ಅದು ಊರಿನವರೆಲ್ಲರ ಬಳಕೆಗೆ ಬಿಟ್ಟ ಜಾಗ, ಹಂಚಿಕೊಡುವ ಜಾಗವಲ್ಲ.

ಖಾತೆ ಬಂತು, ರಸ್ತೆ ಬರಲಿಲ್ಲ

ನರಸಾಪುರ, ವೇಮಗಲ್, ಮಾಲೂರು ಕೈಗಾರಿಕಾ ಪ್ರದೇಶಗಳು ಬೆಳೆದಂತೆ ಸುತ್ತಲಿನ ಹೊಲಗಳೆಲ್ಲ ಬಡಾವಣೆಗಳಾದವು. ನರಸಾಪುರದಲ್ಲಿ ಹೋಂಡಾ ದ್ವಿಚಕ್ರ ವಾಹನ ಕಾರ್ಖಾನೆ ಬಂದಿದ್ದು 2013ರಲ್ಲಿ; ವಿಸ್ಟ್ರಾನ್ ಕಟ್ಟಿದ್ದ ಐಫೋನ್ ಕಾರ್ಖಾನೆಯನ್ನು 2023ರಲ್ಲಿ ಟಾಟಾದವರು ಕೊಂಡರು. ಕೆಲಸಕ್ಕೆ ಬಂದವರು ಬಾಡಿಗೆ ಮನೆ ಹಿಡಿದರು, ಕೈಯಲ್ಲಿ ನಾಲ್ಕು ಕಾಸು ಆದವರು ಸೈಟು ಹುಡುಕಿದರು.

ಬಡಾವಣೆ ಮಾಡುವುದಕ್ಕೆ ಕಾನೂನಿನ ದಾರಿ ಸ್ಪಷ್ಟವಾಗಿದೆ. 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಕೃಷಿ ಜಮೀನು ಪರಿವರ್ತನೆಯಾಗಬೇಕು. ಯೋಜನಾ ಪ್ರಾಧಿಕಾರ ವಿನ್ಯಾಸಕ್ಕೆ ಅನುಮೋದನೆ ಕೊಡಬೇಕು. ಮಾಲೀಕರು ರಸ್ತೆ, ಚರಂಡಿ, ನೀರು, ಬೀದಿದೀಪ ಮಾಡಿಸಿದಂತೆ ನಿವೇಶನಗಳು ಹಂತ ಹಂತವಾಗಿ ಬಿಡುಗಡೆಯಾಗುತ್ತವೆ. ಕೊನೆಗೆ ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯದ (ಸಿ.ಎ.) ನಿವೇಶನಗಳು ಪತ್ರದ ಮೂಲಕ ಸ್ಥಳೀಯ ಸಂಸ್ಥೆಯ ಹೆಸರಿಗೆ ಬರಬೇಕು. ಜನ ಗಮನಿಸದೆ ಬಿಡುವುದು ಈ ಕೊನೆಯ ಹೆಜ್ಜೆಯನ್ನೇ. ಸೈಟು ಕೊಳ್ಳುವವರು ತಮ್ಮ ಸೈಟಿನ ಕ್ರಯಪತ್ರವನ್ನು ಹತ್ತು ಸಲ ಓದುತ್ತಾರೆ. ಆ ಸೈಟಿಗೆ ಹೋಗುವ ರಸ್ತೆ ಯಾರ ಹೆಸರಿನಲ್ಲಿದೆ ಎಂದು ಕೇಳುವುದಿಲ್ಲ.

2025ರ ಫೆಬ್ರುವರಿಯಲ್ಲಿ ಬೆಂಗಳೂರಿನ ಹೊರಗಿನ ನಗರಗಳಲ್ಲೂ ಅನಧಿಕೃತ ಸ್ವತ್ತುಗಳಿಗೆ ಬಿ-ಖಾತೆ ಕೊಡುವ ಅಭಿಯಾನ ಶುರುವಾಯಿತು. 2024ರ ಸೆಪ್ಟೆಂಬರ್ 10ರ ಒಳಗೆ ನೋಂದಣಿಯಾದ ಸ್ವತ್ತು, ಮೊದಲ ಸಲ ಎರಡು ಪಟ್ಟು ತೆರಿಗೆ, ಆಮೇಲೆ ಖಾತೆ. ನಮ್ಮ ಕೌಂಟರಿನ ಮುಂದೆ ಸಾಲು ಬೆಳೆಯಿತು. ಖಾತೆ ಸಿಕ್ಕ ಮರುದಿನವೇ, "ಕಂದಾಯ ಕಟ್ಟಿದ್ದೀವಲ್ಲ ಸಾರ್, ಇನ್ನು ಡಾಂಬರು ಯಾವಾಗ ಹಾಕಿಸ್ತೀರಿ?" ಎಂದು ಬಂದವರಿದ್ದರು. ಅವರು ಕೇಳಿದ್ದು ತಪ್ಪಲ್ಲ. ಆದರೆ ಬಿ-ಖಾತೆ ಕೊಟ್ಟಿದ್ದು ಅವರ ಸ್ವತ್ತಿನ ತೆರಿಗೆಗೆ ಒಂದು ಲೆಕ್ಕ ಮಾತ್ರ. ರಸ್ತೆ ಇನ್ನೂ ಹಳೆಯ ಜಮೀನುದಾರರ ಪಹಣಿಯಲ್ಲೇ ಇತ್ತು. ಪುರಸಭೆಯ ಆಸ್ತಿ ವಹಿಯಲ್ಲಿ ಇಲ್ಲದ ರಸ್ತೆಗೆ ಅಂದಾಜು ಪಟ್ಟಿ ಬರೆದರೆ ಲೆಕ್ಕಪರಿಶೋಧನೆಯವರು ಆಕ್ಷೇಪ ಎತ್ತುತ್ತಾರೆ, ಎಂಜಿನಿಯರ್ ಉತ್ತರ ಕೊಡಬೇಕಾಗುತ್ತದೆ. ಖಾತೆಗೆ ಅರ್ಜಿ ಹಾಕುವ ದಿನವೇ ಬೀದಿಯವರೆಲ್ಲ ಸೇರಿ ರಸ್ತೆಯ ಪತ್ರಕ್ಕೂ ಅರ್ಜಿ ಕೊಟ್ಟ ಕಡೆ ಕೆಲಸ ಬೇಗ ಆಗಿದ್ದನ್ನು ನಾನು ಕಂಡಿದ್ದೇನೆ.

ಊರೊಳಗಿನ ಹಳೆಯ ರಸ್ತೆಗಳಿಗೂ ಒಬ್ಬರೇ ಯಜಮಾನರಿಲ್ಲ. ಕೋಲಾರ, ಮುಳಬಾಗಿಲಿನ ಪಕ್ಕದಲ್ಲಿ ಹಾಯುವ 75ನೇ ರಾಷ್ಟ್ರೀಯ ಹೆದ್ದಾರಿ ಕೇಂದ್ರದ್ದು. ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯರಸ್ತೆ ಲೋಕೋಪಯೋಗಿ ಇಲಾಖೆಯವು. ಉಳಿದ ಬೀದಿಗಳು ಮಾತ್ರ ನಗರಸಭೆಯವು. ಒಂದೇ ರಸ್ತೆಯ ಗುಂಡಿ ಲೋಕೋಪಯೋಗಿಯವರದ್ದು, ಪಕ್ಕದ ಚರಂಡಿ ನಗರಸಭೆಯದ್ದು ಆಗಿರಬಹುದು. ಮೇ, ಜೂನ್ ಬಂದರೆ ಶ್ರೀನಿವಾಸಪುರದಲ್ಲಿ ಮಾವಿನ ಲಾರಿ, ಟ್ರ್ಯಾಕ್ಟರುಗಳ ಸಾಲು; ಅಷ್ಟು ಭಾರ ಹೊರುವ ರಸ್ತೆ ಮಳೆಗಾಲಕ್ಕೆ ಹಾಳಾದಾಗ ಅರ್ಜಿ ಯಾರಿಗೆ ಕೊಡಬೇಕೆಂದೇ ಜನರಿಗೆ ತಿಳಿಯುವುದಿಲ್ಲ. ತಪ್ಪು ಕಚೇರಿಗೆ ಕೊಟ್ಟ ಅರ್ಜಿ "ಮುಂದಿನ ಕ್ರಮಕ್ಕಾಗಿ" ಎಂಬ ಷರಾದೊಂದಿಗೆ ಊರೆಲ್ಲ ಸುತ್ತಿ ಬರುತ್ತದೆ.

ಹಣದ್ದೂ ಇದೇ ಲೆಕ್ಕ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ 2021ರಿಂದ 60% ಕುಡಿಯುವ ನೀರು, ನೈರ್ಮಲ್ಯಕ್ಕೇ ಕಟ್ಟಿಟ್ಟಿದ್ದರು. ಸ್ಥಳೀಯ ಸಂಸ್ಥೆಯ ಅಭಿವೃದ್ಧಿ ಹಣದಲ್ಲಿ 24.10% ಪರಿಶಿಷ್ಟ ಜಾತಿ, ಪಂಗಡಗಳಿಗೆ, 7.25% ಇತರ ಬಡವರಿಗೆ, 5% ಅಂಗವಿಕಲರಿಗೆ ಮೀಸಲು. ಅವು ಇರಲೇಬೇಕಾದ ಮೀಸಲುಗಳು. ರಸ್ತೆಗೆ ಉಳಿಯುವ ದುಡ್ಡು ಇಷ್ಟೇ ಎಂದು ಗೊತ್ತಿದ್ದರೆ, ಒಳಚರಂಡಿ ಪೈಪು ಹಾಕುವ ಮೊದಲೇ ಡಾಂಬರು ಹಾಕಿ ಆಮೇಲೆ ಅಗೆಯುವ ಕೆಲಸಕ್ಕೆ ಯಾವ ವಾರ್ಡಿನವರೂ ಒಪ್ಪಲಾರರು.

ಚಾರ್ಜರಿಗೆ ಜಾಗ

ನನ್ನ ನೌಕರಿಯ ಕೊನೆಯ ವರ್ಷಗಳಲ್ಲಿ ಸಭೆಗಳಿಗೆ ಬಂದ ಹೊಸ ವಿಷಯ ವಿದ್ಯುತ್ ವಾಹನ. ವಿದ್ಯುತ್ ವಾಹನಗಳಿಗೆಂದೇ ನೀತಿ ತಂದ ಮೊದಲ ರಾಜ್ಯ ಕರ್ನಾಟಕ, ಅದು 2017ರಲ್ಲಿ. ಚಾರ್ಜಿಂಗ್ ವ್ಯವಸ್ಥೆಗೆ ಇಡೀ ರಾಜ್ಯಕ್ಕೆ ನೋಡಲ್ ಸಂಸ್ಥೆ ನಮ್ಮ ಜಿಲ್ಲೆಗೂ ಕರೆಂಟು ಕೊಡುವ ಬೆಸ್ಕಾಂ. ಚಾರ್ಜಿಂಗ್ ಕೇಂದ್ರ ತೆರೆಯಲು ವಿದ್ಯುತ್ ಮಾರಾಟದ ಲೈಸೆನ್ಸ್ ಬೇಕಿಲ್ಲವೆಂದು ಕೇಂದ್ರ ಇಂಧನ ಸಚಿವಾಲಯ 2018ರಲ್ಲೇ ಹೇಳಿತು. 2022ರ ಜನವರಿಯ ಮಾರ್ಗಸೂಚಿಯಲ್ಲಿ ಸ್ಥಳೀಯ ಸಂಸ್ಥೆಗಳಿಗೆ ಉಪಯೋಗವಾಗುವ ಒಂದು ಅಂಶವಿತ್ತು: ಸಾರ್ವಜನಿಕ ಸಂಸ್ಥೆ ಜಾಗ ಕೊಟ್ಟರೆ, ಚಾರ್ಜಿಂಗಿಗೆ ಬಳಕೆಯಾದ ಪ್ರತಿ ಯೂನಿಟ್ಟಿಗೆ 1 ರೂಪಾಯಿಯಂತೆ ಆದಾಯದ ಪಾಲು, ಒಪ್ಪಂದ ಮೊದಲಿಗೆ 10 ವರ್ಷ. ಪುರಸಭೆ ಬಂಡವಾಳ ಹೂಡಬೇಕಿಲ್ಲ, ಜಾಗ ಕೊಟ್ಟರೆ ಸಾಕು.

ಒಂದು ಕಡೆ ಈ ವಿಷಯ ಚರ್ಚೆಗೆ ಬಂದಾಗ ಸದಸ್ಯರೆಲ್ಲ ಉತ್ಸಾಹದಿಂದಲೇ ಜಾಗ ಸೂಚಿಸಿದರು. ಬಸ್ ನಿಲ್ದಾಣ ಎಂದರು. ಅದು ಸಾರಿಗೆ ಸಂಸ್ಥೆಯದ್ದು. ಮುಖ್ಯರಸ್ತೆಯ ಬದಿ ಎಂದರು, ಅದು ಲೋಕೋಪಯೋಗಿಯದ್ದು. ಪಾರ್ಕಿನ ಮೂಲೆ ಎಂದರು. ಉದ್ಯಾನ, ಬಯಲು ಜಾಗಗಳ ರಕ್ಷಣೆಗೆ 1985ರದ್ದೇ ಕಾಯ್ದೆ ಇದೆ, ಅಲ್ಲಿ ಕೈ ಹಾಕುವಂತಿಲ್ಲ. "ಹಂಗಾದ್ರೆ ನಮ್ದು ಅಂತ ಊರಲ್ಲಿ ಏನೈತೆ?" ಎಂದು ಹಿರಿಯ ಸದಸ್ಯರೊಬ್ಬರು ಕೇಳಿದರು. ಅಷ್ಟು ವರ್ಷಗಳಲ್ಲಿ ಸಭೆಯಲ್ಲಿ ಕೇಳಿದ ಮಾತುಗಳ ಪೈಕಿ ನನಗೆ ಬಹಳ ಬೆಲೆಯುಳ್ಳದ್ದೆನಿಸಿದ ಪ್ರಶ್ನೆ ಅದು. ಅದಕ್ಕೆ ಉತ್ತರ ಹುಡುಕಿ ಆಸ್ತಿ ವಹಿ ತೆಗೆದು ಕೂತಾಗ ಕಚೇರಿ ಆವರಣ, ವಾಣಿಜ್ಯ ಮಳಿಗೆಗಳ ಹಿಂದಿನ ಅಂಗಳ, ನೀರಿನ ಟ್ಯಾಂಕಿನ ಕಾಂಪೌಂಡು, ಸಂತೆ ಮೈದಾನದ ಅಂಚು ಒಂದೊಂದಾಗಿ ಸಿಕ್ಕವು. ಟ್ರಾನ್ಸ್‌ಫಾರ್ಮರ್ ಹತ್ತಿರವಿರುವುದು ಯಾವುದಕ್ಕೆ ಎಂದು ನೋಡುವುದಷ್ಟೇ ಉಳಿಯಿತು.

ಹೆದ್ದಾರಿ ಬದಿಯ ಹೋಟೆಲುಗಳಲ್ಲಿ ಕಾರುಗಳಿಗೆ ಚಾರ್ಜರ್ ಬರುತ್ತವೆ, ಅದಕ್ಕೆ ಖಾಸಗಿಯವರು ಸಾಕು. ನಮ್ಮ ಊರುಗಳಿಗೆ ಬೇಕಾಗಿರುವುದು ಸ್ಕೂಟರು, ಆಟೊಗಳಿಗೆ ಊರೊಳಗಿನ ಸಣ್ಣ ಚಾರ್ಜರ್. ಪಾಳಿ ಕೆಲಸಕ್ಕೆ ಹೋಗುವ ಹುಡುಗನೊಬ್ಬ ಬಾಡಿಗೆ ಮನೆಯ ಮೂರನೇ ಮಹಡಿಯ ಕಿಟಕಿಯಿಂದ ವೈರು ಇಳಿಬಿಟ್ಟು ರಾತ್ರಿಯಿಡೀ ಸ್ಕೂಟರಿಗೆ ಚಾರ್ಜ್ ಹಾಕುವುದನ್ನು ನಮ್ಮ ಬೀದಿಯಲ್ಲೇ ನೋಡುತ್ತೇನೆ. ಮಳೆ ಬಂದರೆ ನನಗೆ ಎದೆ ಹೊಡೆದುಕೊಳ್ಳುತ್ತದೆ. ಸುರಕ್ಷಿತವಾದ ಒಂದು ಪ್ಲಗ್ ಪಾಯಿಂಟು ಅವನಿಗೆ ಬೀದಿದೀಪದಷ್ಟೇ ಅಗತ್ಯದ ಸೌಕರ್ಯ.

ಇಲ್ಲಿಯೂ ಮನೆಯ ದಾಖಲೆ ಅಡ್ಡ ಬರುತ್ತದೆ. 2024ರ ಡಿಸೆಂಬರ್ 17ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಸ್ವಾಧೀನಾನುಭವ ಪತ್ರವಿಲ್ಲದ ಹೊಸ ಕಟ್ಟಡಗಳಿಗೆ ವಿದ್ಯುತ್ ಸಂಪರ್ಕ ನಿಂತಿತು. ಮುಂದೆ 1,200 ಚದರಡಿವರೆಗಿನ ನಿವೇಶನಗಳ ಸಣ್ಣ ಮನೆಗಳಿಗೆ ಸರ್ಕಾರ ವಿನಾಯಿತಿ ತಂದಿತು. ಜಾಗದ ಕಾಗದ ಸರಿಯಿಲ್ಲದಿದ್ದರೆ ನಕ್ಷೆಗೆ ಅನುಮತಿ ಇಲ್ಲ, ಅನುಮತಿ ಇಲ್ಲದಿದ್ದರೆ ಮೀಟರಿಗೆ ಪರದಾಟ, ಮೀಟರೇ ಇಲ್ಲದ ಮನೆಯಲ್ಲಿ ವಿದ್ಯುತ್ ವಾಹನದ ಮಾತೆಲ್ಲಿ ಬಂತು?

ನಾಗರಿಕರು ಮಾಡಬಹುದಾದದ್ದು

ಸಾಮಾನ್ಯ ಸಭೆಗೆ ಮೊದಲು ಕಾರ್ಯಸೂಚಿ ಸದಸ್ಯರ ಕೈಸೇರುತ್ತದೆ. ನಿಮ್ಮ ವಾರ್ಡಿನ ಸದಸ್ಯರನ್ನು ಕಾಣಬೇಕಾದದ್ದು ಆಗ. ನಿರ್ಣಯವಾದ ಮೇಲೆ ಮಾಡುವ ಧರಣಿಗಿಂತ, ಸಭೆಗೆ ಮೊದಲು ಕೊಟ್ಟ ಒಂದು ಪುಟದ ಮನವಿಗೆ ಹೆಚ್ಚು ಬಲವಿರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮನವಿಯಲ್ಲಿ ಮೂರು ಸಂಗತಿ ಕೇಳಿ: ಸರ್ವೆ ನಂಬರ್ ಯಾವುದು, ಆಸ್ತಿ ವಹಿಯಲ್ಲಿ ಯಾರ ಹೆಸರಿದೆ, ಹಣ ಯಾವ ಲೆಕ್ಕಶೀರ್ಷಿಕೆಯದ್ದು. ಉತ್ತರ ಬರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಶಾಸಕರು, ಸಂಸದರಿಗೂ ಈ ಸಭೆಯಲ್ಲಿ ಮತವಿದೆ, ಅವರಿಗೂ ಪ್ರತಿ ಕೊಡಿ. ಕಾನೂನು ಮೀರಿದ ನಿರ್ಣಯವನ್ನು ತಡೆಹಿಡಿಯುವ ಅಧಿಕಾರ ಜಿಲ್ಲಾಧಿಕಾರಿಗಳಿಗಿದೆ ಎಂಬುದೂ ನೆನಪಿರಲಿ.

2019ರಲ್ಲಿ ಈ ನಾಲ್ಕೂ ಊರುಗಳಲ್ಲಿ ಸದಸ್ಯರ ಚುನಾವಣೆ ನಡೆದರೂ ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ತಕರಾರಿನಿಂದ ರಾಜ್ಯದ ಎಷ್ಟೋ ನಗರಸಭೆ, ಪುರಸಭೆಗಳಂತೆ ಇಲ್ಲೂ ಆಡಳಿತ ತಿಂಗಳುಗಟ್ಟಲೆ ಅಧಿಕಾರಿಗಳ ಕೈಯಲ್ಲಿತ್ತು. ಸದಸ್ಯರು ಬದಲಾಗುತ್ತಾರೆ, ನಮ್ಮಂಥ ನೌಕರರು ವರ್ಗವಾಗುತ್ತಾರೆ. ಊರಿನ ಪರವಾಗಿ ಕೊನೆಯವರೆಗೂ ಸಾಕ್ಷಿ ಹೇಳುವುದು ದಾಖಲೆ ಮಾತ್ರ.

ಹಾಗಾಗಿ ನಮ್ಮ ನಾಲ್ಕೂ ಊರುಗಳ ಮುಂದೆ ನನ್ನದೊಂದು ಬೇಡಿಕೆ ಇದೆ. ತಮ್ಮ ಸುಪರ್ದಿಯಲ್ಲಿರುವ ಪ್ರತಿ ರಸ್ತೆ, ಪಾರ್ಕು, ಸಿ.ಎ. ನಿವೇಶನ, ಖಾಲಿ ಜಾಗದ ಪಟ್ಟಿಯನ್ನು ಸರ್ವೆ ನಂಬರ್, ವಿಸ್ತೀರ್ಣದ ಸಮೇತ ಕಚೇರಿಯ ಗೋಡೆಗೆ ಹಾಕಲಿ; ಪ್ರತಿ ವರ್ಷ ಬಜೆಟ್ಟಿಗೆ ಮೊದಲು ನಡೆಯುವ ಸಾರ್ವಜನಿಕರ ಸಭೆಯಲ್ಲಿ ಅದನ್ನು ಓದಿ ಹೇಳಲಿ. ಪಟ್ಟಿ ಜನರ ಕಣ್ಣ ಮುಂದಿದ್ದರೆ ಒತ್ತುವರಿ ಮಾಡುವವರು ಹಿಂಜರಿಯುತ್ತಾರೆ, ಸದಸ್ಯರು ಇಲ್ಲದ ಜಾಗದ ಭರವಸೆ ಕೊಡುವುದಿಲ್ಲ, ಎಂಜಿನಿಯರ್ ಧೈರ್ಯವಾಗಿ ಅಂದಾಜು ಪಟ್ಟಿ ಬರೆಯುತ್ತಾರೆ. ಇದಕ್ಕೆ ಹೊಸ ಕಾಯ್ದೆಯಾಗಲಿ, ದೊಡ್ಡ ಅನುದಾನವಾಗಲಿ ಬೇಕಿಲ್ಲ. ನಿವೃತ್ತರಾದ ನಮ್ಮಂಥವರು ಹಳೆಯ ವಹಿಗಳನ್ನು ಓದಿಕೊಡಲು ಸಿದ್ಧರಿದ್ದೇವೆ. ನಾಲ್ಕರಲ್ಲಿ ಯಾವ ಊರು ಕರೆದರೂ ನಾನಂತೂ ಬರುತ್ತೇನೆ.