ನ್ಯೂಟ್ರಿನೊಗೆ ಎಕ್ಸ್-ಕಿರಣದ ಸಾಕ್ಷಿ

2017ರ ಸೆಪ್ಟೆಂಬರ್ 22ರಂದು ದಕ್ಷಿಣ ಧ್ರುವದ ಮಂಜುಗಡ್ಡೆಯೊಳಗಿನ ಐಸ್‌ಕ್ಯೂಬ್ ಶೋಧಕದಲ್ಲಿ ಒಂದೇ ಒಂದು ನ್ಯೂಟ್ರಿನೊದ ಗುರುತು ಮೂಡಿತು. ಶಕ್ತಿ ಸುಮಾರು 290 ಟೆರಾ ಎಲೆಕ್ಟ್ರಾನ್ ವೋಲ್ಟ್. (ನ್ಯೂಟ್ರಿನೊ ನಮ್ಮ ನಾಡಿಗೂ ಹೊಸದಲ್ಲ. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳು 1965ರಲ್ಲಿ ಕೋಲಾರದ ಚಿನ್ನದ ಗಣಿಯಲ್ಲಿ ಪತ್ತೆಯಾಗಿದ್ದವು.) ಅದು ಬಂದದ್ದು ಮಹಾವ್ಯಾಧ ನಕ್ಷತ್ರಪುಂಜದ ದಿಕ್ಕಿನಿಂದ. ಕೆಲವೇ ಗಂಟೆಗಳಲ್ಲಿ ಸ್ವಿಫ್ಟ್ ಉಪಗ್ರಹ ಅತ್ತ ತಿರುಗಿ 9 ಎಕ್ಸ್-ಕಿರಣ ಮೂಲಗಳನ್ನು ಗುರುತಿಸಿತು. ಅವುಗಳಲ್ಲೊಂದು ಟಿಎಕ್ಸ್‌ಎಸ್ 0506+056 ಎಂಬ ಬ್ಲೇಜರ್. ಬ್ಲೇಜರ್ ಎಂದರೆ ನಡುವಿನ ದೈತ್ಯ ಕಪ್ಪುಕುಳಿಯಿಂದ ಹೊಮ್ಮುವ ಕಣಧಾರೆ ನಮ್ಮ ಕಡೆಗೇ ಮುಖಮಾಡಿರುವ ಗೆಲಾಕ್ಸಿ. ಫರ್ಮಿ ದೂರದರ್ಶಕದ ಪ್ರಕಾರ ಆಗ ಅದು ಗ್ಯಾಮಾ ಕಿರಣಗಳಲ್ಲಿ ವಾಡಿಕೆಗಿಂತ ಹೆಚ್ಚು ಬೆಳಗುತ್ತಿತ್ತು.

ಹಾಗಾದರೆ ನ್ಯೂಟ್ರಿನೊ ಅಲ್ಲಿಂದಲೇ ಬಂತೇ? ಲೆಕ್ಕ ಹೇಳಿದ್ದು 3 ಸಿಗ್ಮಾ. ಕಣವಿಜ್ಞಾನಿಗಳು ‘ಕಂಡುಹಿಡಿದೆವು’ ಎನ್ನಲು 5 ಬೇಕು.

ಎಕ್ಸ್-ಕಿರಣದ ಸಾಕ್ಷಿ ಬೇಕಾಗುವುದು ಇಲ್ಲೇ. ಕಣಧಾರೆಯ ಪ್ರೋಟಾನುಗಳು ಫೋಟಾನುಗಳಿಗೆ ಡಿಕ್ಕಿ ಹೊಡೆದರೆ ಪಯಾನುಗಳು ಹುಟ್ಟುತ್ತವೆ. ಆವೇಶವಿರುವ ಪಯಾನ್ ಕ್ಷಯಿಸಿದಾಗ ನ್ಯೂಟ್ರಿನೊ, ತಟಸ್ಥ ಪಯಾನ್ ಕ್ಷಯಿಸಿದಾಗ ಗ್ಯಾಮಾ ಕಿರಣ. ಆ ಗ್ಯಾಮಾ ಕಿರಣ ಹೊರಬರುವ ಮೊದಲೇ ಬೇರೆ ಫೋಟಾನುಗಳೊಡನೆ ಸೇರಿ ಎಲೆಕ್ಟ್ರಾನ್-ಪಾಸಿಟ್ರಾನ್ ಜೋಡಿಯಾಗುತ್ತದೆ. ಅದರ ಶಕ್ತಿಯ ಒಂದು ಭಾಗ ಕೊನೆಗೆ ಎಕ್ಸ್-ಕಿರಣವಾಗಿ ಹೊರಬೀಳುತ್ತದೆ. ಅಂದರೆ ನ್ಯೂಟ್ರಿನೊ ಹೆಚ್ಚಿದ್ದರೆ ಎಕ್ಸ್-ಕಿರಣವೂ ಹೆಚ್ಚಿರಬೇಕು. ಆದರೆ ಸ್ವಿಫ್ಟ್ ಮತ್ತು ನುಸ್ಟಾರ್ ಅಳೆದ ಎಕ್ಸ್-ಕಿರಣ ಮಂದವಾಗಿತ್ತು. ಅದನ್ನು ಮೀರದಂತೆ ಸರಳ ಮಾದರಿಯಲ್ಲಿ ಲೆಕ್ಕ ಹಾಕಿದರೆ ಐಸ್‌ಕ್ಯೂಬ್‌ಗೆ ಸಿಗಬೇಕಾದ ನ್ಯೂಟ್ರಿನೊಗಳ ಸಂಖ್ಯೆ ಒಂದಕ್ಕಿಂತ ಬಹಳ ಕಡಿಮೆ! ಅಸಾಧ್ಯವೇನಲ್ಲ, ಬ್ಲೇಜರುಗಳು ಸಾವಿರಾರಿವೆ, ಯಾವುದಾದರೂ ಒಂದರಿಂದ ಒಂದು ಕಣ ಬಂದೀತು.

ಹಳೆಯ ದಾಖಲೆ ತೆಗೆದಾಗ ಇನ್ನೊಂದು ತೊಡಕು ಸಿಕ್ಕಿತು. 2014-15ರಲ್ಲಿ ಅದೇ ದಿಕ್ಕಿನಿಂದ ಸುಮಾರು 13 ಹೆಚ್ಚುವರಿ ನ್ಯೂಟ್ರಿನೊಗಳು ಬಂದಿದ್ದವು. ಆಗ ಬ್ಲೇಜರ್ ಗ್ಯಾಮಾ ಕಿರಣಗಳಲ್ಲಿ ಶಾಂತವಾಗಿತ್ತು.